ಬೀದಿನಾಯಿ ಮನೆಗೆ ಬಂದಿದೆಯೇ? ಗುರ್ರೆಂದರೆ ಗದರಬೇಡಿ

ಬೀದಿಯಲ್ಲಿದ್ದಷ್ಟು ದಿನ ನಿಮ್ಮ ಸ್ಕೂಟರಿನ ಸದ್ದಿಗೇ ಓಡಿಬಂದು ಕಾಲಿಗೆ ಸುತ್ತಿಕೊಳ್ಳುತ್ತಿದ್ದ ನಾಯಿ, ಮನೆಯೊಳಗೆ ಬಂದದ್ದೇ ತಡ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಕರೆದರೆ ಬರುವುದಿಲ್ಲ. ಬೆಲ್ಟು ಹಾಕಿದರೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಅನ್ನ ಹಾಕಿ ಪಕ್ಕದಲ್ಲಿ ನಿಂತರೆ ಗುರ್ರೆನ್ನುತ್ತದೆ. ಒಂದು ಗಂಟೆ ಹೊರಗೆ ಸುತ್ತಾಡಿಸಿದರೂ ಮೂತ್ರ ಮಾಡದೆ, ವಾಪಸು ಬಂದು ನಡುಮನೆಯ ಮೂಲೆಯಲ್ಲಿ ಮಾಡುತ್ತದೆ. ‘ಇಷ್ಟು ಮಾಡಿದರೂ ಇದಕ್ಕೆ ನಂಬಿಕೆ ಬರಲಿಲ್ಲವಲ್ಲ’ ಎಂಬ ನೋವು, ‘ಮನೆಗೆ ತಂದದ್ದೇ ತಪ್ಪಾಯಿತೇನೋ’ ಎಂಬ ಅನುಮಾನ ಎರಡೂ ಶುರುವಾಗುವುದು ಈ ಮೊದಲ ವಾರಗಳಲ್ಲೇ.

ಆ ವಾರಗಳನ್ನು ದಾಟುವುದಕ್ಕೆ ಬೇಕಾದ ಮಾಹಿತಿ ಇಲ್ಲಿದೆ. ಬೀದಿಯಿಂದಲೋ ಪ್ರಾಣಿ ಆಶ್ರಯಧಾಮದಿಂದಲೋ ಬಂದ ವಯಸ್ಕ ನಾಡುನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಾದರೂ, ಇದರಲ್ಲಿ ಹೆಚ್ಚಿನದು ಲ್ಯಾಬ್ರಡಾರಿಗೂ ಮುಧೋಳ ನಾಯಿಗೂ ಸಲ್ಲುತ್ತದೆ.

ಅದು ಹಾಗೆ ಮಾಡುವುದೇಕೆ?

ನಾಯಿಮರಿಗೆ ಸುಮಾರು 3ನೇ ವಾರದಿಂದ 12ನೇ ವಾರದವರೆಗಿನ ಅವಧಿ ಬಹಳ ಮುಖ್ಯ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರವಾಗಿ ತೋರಿಸಿದರು. ಆ ಅವಧಿಯಲ್ಲಿ ಕಂಡದ್ದು, ಕೇಳಿದ್ದು, ಮೂಸಿದ್ದು ಮುಂದೆ ‘ಮಾಮೂಲಿ’ ಆಗುತ್ತದೆ. ಕಾಣದೇ ಇದ್ದದ್ದು ಅಪಾಯದ ಪಟ್ಟಿಗೆ ಸೇರುತ್ತದೆ. ಬೀದಿಯಲ್ಲಿ ಹುಟ್ಟಿದ ಮರಿಗೆ ಆಟೊ, ಹಾರ್ನು, ಜನಜಂಗುಳಿ, ಕಸದ ಗಾಡಿ ಎಲ್ಲ ಮಾಮೂಲಿ. ಅದು ಕಂಡಿರದೇ ಇರುವುದು ತಲೆಯ ಮೇಲೆ ತಿರುಗುವ ಫ್ಯಾನು, ಕುಕ್ಕರಿನ ಸೀಟಿ, ಮಿಕ್ಸಿ, ಜಾರುವ ಟೈಲ್ಸು, ಲಿಫ್ಟು ಮತ್ತು ಮುಚ್ಚಿದ ಬಾಗಿಲು.

ಈ ಮುಚ್ಚಿದ ಬಾಗಿಲೇ ಎಲ್ಲದಕ್ಕಿಂತ ದೊಡ್ಡ ಬದಲಾವಣೆ ಎಂಬುದು ನನ್ನ ಅಭಿಪ್ರಾಯ. ಬೀದಿನಾಯಿಯ ಬದುಕನ್ನು ಕಾಯುವುದು ಅದರ ಹಲ್ಲಲ್ಲ, ದೂರ ಸರಿಯುವ ಸ್ವಾತಂತ್ರ್ಯ. ಯಾರೋ ಕಲ್ಲು ಎತ್ತಿದರೆ ನಾಲ್ಕು ಹೆಜ್ಜೆ ಆಚೆ ಹೋಗುತ್ತದೆ, ಬಲವಾದ ನಾಯಿ ಬಂದರೆ ರಸ್ತೆ ದಾಟುತ್ತದೆ. ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಆ ಸ್ವಾತಂತ್ರ್ಯ ಇಲ್ಲ. ಓಡುವ ದಾರಿ ಮುಚ್ಚಿದಾಗ ಅದಕ್ಕೆ ಉಳಿಯುವುದು ಅವಿತುಕೊಳ್ಳುವುದು, ಅಲ್ಲಾಡದೆ ನಿಂತುಬಿಡುವುದು ಅಥವಾ ಗುರ್ರೆನ್ನುವುದು. ಮನೆಯವರು ಇವನ್ನೇ ಹಟ, ಪೊಗರು, ಕೃತಘ್ನತೆ ಎಂದು ತಿಳಿದುಬಿಡುತ್ತಾರೆ. ಇವು ಭಯದ ಲಕ್ಷಣಗಳು. ಆದ್ದರಿಂದ ಮುಂದೆ ಹೇಳುವ ಎಲ್ಲ ಕ್ರಮಗಳ ತಳದಲ್ಲಿರುವುದು ಒಂದೇ ಕೆಲಸ: ನಾಯಿಗೆ ದೂರವನ್ನು ಮರಳಿಸುವುದು, ಆಮೇಲೆ ಅದರ ಒಪ್ಪಿಗೆಯಿಂದಲೇ ಆ ದೂರವನ್ನು ಕಡಿಮೆ ಮಾಡುವುದು.

ಇಷ್ಟು ಭಯವಿದ್ದರೂ ನಮ್ಮ ನಾಡುನಾಯಿಗಳು ನಂಬುವುದಕ್ಕೆ ತಯಾರಾಗಿಯೇ ಇರುತ್ತವೆ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಬೀದಿನಾಯಿಗಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತ ವ್ಯಕ್ತಿಯಿಂದ ಪದೇಪದೇ ತಿಂಡಿ ಪಡೆದ ನಾಯಿಗಳಿಗಿಂತ ಪದೇಪದೇ ತಲೆ ಸವರಿಸಿಕೊಂಡ ನಾಯಿಗಳೇ ಆ ವ್ಯಕ್ತಿಯನ್ನು ಹೆಚ್ಚು ಹಚ್ಚಿಕೊಂಡವು.

ತರುವ ಮುನ್ನ

ಒಂದು ಮಾತು. ನಿಮ್ಮ ಬೀದಿಯಲ್ಲೇ ಬೆಳೆದು, ನಾಲ್ಕಾರು ಮನೆಯವರು ಊಟ ಹಾಕುವ, ಆರೋಗ್ಯವಾಗಿರುವ ಐದಾರು ವರ್ಷದ ನಾಯಿಗೆ ಮನೆಯ ಗೋಡೆ ಬೇಕಾಗಿಯೇ ಇಲ್ಲದಿರಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ ನೋಡಿ (ಆಗಿದ್ದರೆ ಕಿವಿಯಂಚಿನಲ್ಲಿ ಸಣ್ಣ ಕತ್ತರಿಕೆ ಇರುತ್ತದೆ), ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ, ಮಳೆಗಾಲದಲ್ಲಿ ಗೇಟಿನ ಬಳಿ ಒಂದು ಗೋಣಿತಾಟು ಹಾಸಿಕೊಡಿ. ಇದೂ ಸಾಕುವುದೇ. ಮನೆ ನಿಜಕ್ಕೂ ಬೇಕಾಗಿರುವುದು ಗಾಯಗೊಂಡ, ಕಣ್ಣು ಕಾಣದ, ಮುದಿಯಾದ, ಬೀದಿಯ ಗುಂಪಿನಿಂದ ಹೊರಬಿದ್ದ ನಾಯಿಗಳಿಗೆ, ತಾಯಿ ಇಲ್ಲದ ಮರಿಗಳಿಗೆ ಮತ್ತು ಯಾರೋ ಸಾಕಿ ಬಿಟ್ಟುಹೋದ ಜಾತಿ ನಾಯಿಗಳಿಗೆ.

ಮೊದಲ ವಾರ

1. ಒಂದು ಮೂಲೆ ಅದರದ್ದಾಗಲಿ. ಜನ ಓಡಾಡುವ ದಾರಿಯಲ್ಲಿ ಬೇಡ, ಎರಡು ಗೋಡೆ ಸೇರುವ ಜಾಗದಲ್ಲಿ ಹಳೆಯ ಹತ್ತಿ ಬಟ್ಟೆ ಹಾಸಿ. ಆ ಬಟ್ಟೆಯನ್ನು ದಿನಾ ಒಗೆಯಬೇಡಿ. ತನ್ನ ಮೈವಾಸನೆ ಇರುವ ಜಾಗವೇ ಅದಕ್ಕೆ ಮನೆ.

2. ಟೈಲ್ಸಿನ ಮೇಲೆ ಅದು ಓಡಾಡುವ ದಾರಿಗೆ ಚಾಪೆ ಅಥವಾ ಯೋಗ ಮ್ಯಾಟ್ ಹಾಸಿ. ಕಾಲು ಜಾರಿದ ನಾಯಿ ಆ ಕೋಣೆಗೇ ಹೆದರುತ್ತದೆ.

3. ಮಂಚದ ಕೆಳಗೆ ಕೈ ಹಾಕಿ ಎಳೆಯಬೇಡಿ. ನೆಲದ ಮೇಲೆ, ಅದಕ್ಕೆ ಎದುರಾಗಿ ಅಲ್ಲ, ಪಕ್ಕಕ್ಕೆ ತಿರುಗಿ ಕೂತು ಪೇಪರು ಓದಿ. ಆಗಾಗ ಒಂದು ತುಣುಕು ಮೊಟ್ಟೆಯನ್ನೋ ಚಿಕನ್ನನ್ನೋ ಅದರ ಕಡೆಗೆ ಜಾರಿಸಿ. ಮಾತು ಬೇಡ, ದಿಟ್ಟಿಸಿ ನೋಡುವುದೂ ಬೇಡ.

4. ತಾನಾಗಿ ಹತ್ತಿರ ಬಂದಾಗ ಗಲ್ಲದ ಕೆಳಗೆ ಅಥವಾ ಎದೆಯ ಬಳಿ ಮೂರು ಸೆಕೆಂಡು ಸವರಿ, ಕೈ ತೆಗೆಯಿರಿ. ಮೈಯನ್ನು ನಿಮ್ಮ ಕಡೆಗೆ ಒತ್ತಿದರೆ ಮುಂದುವರಿಸಿ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆ ಬರದಿದ್ದರೂ ಆಕಳಿಸಿದರೆ ಅಷ್ಟಕ್ಕೇ ಸಾಕು ಎಂದು ಅರ್ಥ.

5. ಮೊದಲ ವಾರ ಸ್ನಾನ ಬೇಡ, ನೆಂಟರಿಷ್ಟರ ದರ್ಶನವೂ ಬೇಡ. ಪಶುವೈದ್ಯರ ಭೇಟಿ ಮಾತ್ರ ತಪ್ಪಿಸಬೇಡಿ. ಲಸಿಕೆ, ಜಂತುಹುಳದ ಔಷಧಿ ಜೊತೆಗೆ ರಕ್ತ ಪರೀಕ್ಷೆಯನ್ನೂ ಕೇಳಿ. ನಮ್ಮ ಕಡೆ ಉಣ್ಣೆಹುಳದಿಂದ ಹರಡುವ ಎರ್ಲಿಕಿಯಾ, ಬೇಬಿಸಿಯಾ ಜ್ವರಗಳು ಸಾಮಾನ್ಯ. ಸದ್ದಿಲ್ಲದೆ ಮೂಲೆಯಲ್ಲಿ ಬಿದ್ದುಕೊಂಡ ನಾಯಿಯನ್ನು ‘ಎಷ್ಟು ಸಾಧು’ ಎಂದು ಮೆಚ್ಚುವ ಮೊದಲು ಅದಕ್ಕೆ ಜ್ವರ ಇಲ್ಲ ಎಂದು ಖಾತರಿ ಮಾಡಿಕೊಳ್ಳಿ.

6. ಗೇಟು, ಬಾಗಿಲುಗಳ ಬಗ್ಗೆ ಮೈಯೆಲ್ಲ ಕಣ್ಣಾಗಿರಿ. ಹೊಸ ನಾಯಿ ತಪ್ಪಿಸಿಕೊಂಡು ಓಡುವ ಸಾಧ್ಯತೆ ಮೊದಲ ದಿನಗಳಲ್ಲೇ ಹೆಚ್ಚು. ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ಮೊದಲ ದಿನದಿಂದಲೇ ಕೊರಳಲ್ಲಿರಲಿ.

ಎಷ್ಟು ದಿನ ಹಿಡಿಯುತ್ತದೆ? ಆಶ್ರಯಧಾಮದವರು ಅಂದಾಜಿಗೆ ಹೇಳುವುದು ಹೀಗೆ: ದಿಗಿಲು ಇಳಿಯಲು ಮೂರು ದಿನ, ಮನೆಯ ದಿನಚರಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನಿಸಲು ಮೂರು ತಿಂಗಳು. ಪೆಟ್ಟು ತಿಂದು ಬಂದ ನಾಯಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಬೇಕು.

ಊಟದ ತಟ್ಟೆ ಮತ್ತು ಗುರುಗುಟ್ಟುವಿಕೆ

ಮನೆಯವರನ್ನು ಅತಿ ಹೆಚ್ಚು ಹೆದರಿಸುವುದೂ, ಅವರ ಕೈಯಲ್ಲಿ ಅತಿ ಹೆಚ್ಚು ಕೆಡುವುದೂ ಇದೇ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಬೀದಿಯಲ್ಲಿ ಊಟದ ಹತ್ತಿರ ಯಾರಾದರೂ ಬಂದರೆ ಊಟ ಹೋಯಿತು ಎಂದೇ ಲೆಕ್ಕ. ಬಂದವರು ನಾಯಿಯಾದರೂ ಸರಿ, ಮನುಷ್ಯರಾದರೂ ಸರಿ. ಆ ಲೆಕ್ಕವನ್ನು ನಿಮ್ಮ ಮನೆಯ ಸ್ಟೀಲ್ ಬಟ್ಟಲಿಗೂ ಅದು ಅನ್ವಯಿಸುತ್ತದೆ. ಗುರ್ರೆನ್ನುವುದು ದಾಳಿಯ ಮೊದಲ ಹೆಜ್ಜೆಯಲ್ಲ, ದಾಳಿಯನ್ನು ತಪ್ಪಿಸಲು ಕೊಡುವ ಎಚ್ಚರಿಕೆ. ಅದಕ್ಕೂ ಮೊದಲೇ ಎಚ್ಚರಿಕೆಗಳು ಬಂದಿರುತ್ತವೆ. ಬಟ್ಟಲಿನ ಮುಂದೆ ನಾಯಿಯನ್ನು ದೂರದಿಂದ ಗಮನಿಸಿ ನೋಡಿ. ನೀವು ಒಂದು ಹೆಜ್ಜೆ ಮುಂದಿಟ್ಟಾಗ ಮೊದಲು ಅದರ ನುಂಗುವ ವೇಗ ಹೆಚ್ಚುತ್ತದೆ. ಇನ್ನೊಂದು ಹೆಜ್ಜೆಗೆ ಬಾಯಿ ಆಡುವುದು ನಿಲ್ಲುತ್ತದೆ, ಆದರೆ ತಲೆ ಬಟ್ಟಲಿನಿಂದ ಏಳುವುದಿಲ್ಲ. ಕತ್ತು ಇನ್ನಷ್ಟು ತಗ್ಗುತ್ತದೆ, ಹೆಗಲು ಗಡುಸಾಗುತ್ತದೆ. ಮುಖ ತಿರುಗಿಸದೆಯೇ ಕಣ್ಣನ್ನಷ್ಟೇ ನಿಮ್ಮತ್ತ ಹೊರಳಿಸುವುದರಿಂದ ಕಣ್ಣಂಚಿನ ಬಿಳಿಭಾಗ ಕಾಣುತ್ತದೆ. ಆಮೇಲೆ ಬರುವುದು ಗುರ್ರೆನ್ನುವ ಸದ್ದು. ಅಂದರೆ ಸದ್ದು ಕಿವಿಗೆ ಬೀಳುವ ಹೊತ್ತಿಗೆ ಅದು ಆಗಲೇ ಮೂರು ನಾಲ್ಕು ಸಲ ‘ಬೇಡ’ ಎಂದಾಗಿದೆ.

ಇಲ್ಲಿ ಗದರಿದರೆ, ಹೊಡೆದರೆ ಏನಾಗುತ್ತದೆ? ಸದ್ದು ನಿಲ್ಲುತ್ತದೆ, ಭಯ ಹಾಗೆಯೇ ಉಳಿಯುತ್ತದೆ. ಎಚ್ಚರಿಕೆ ಕೊಟ್ಟರೆ ಪೆಟ್ಟು ಬೀಳುತ್ತದೆ ಎಂದು ಕಲಿತ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆಯೇ ಕಚ್ಚುತ್ತದೆ. ‘ಏನೂ ಸೂಚನೆ ಇಲ್ಲದೆ ಕಚ್ಚಿಬಿಟ್ಟಿತು’ ಎಂದು ಜನ ಹೇಳುವ ಎಷ್ಟೋ ಪ್ರಕರಣಗಳ ಹಿಂದೆ ಹೀಗೆ ಅಡಗಿಸಿದ ಸೂಚನೆಗಳಿರುತ್ತವೆ.

ಪರಿಹಾರವಿರುವುದು ಆ ಹಳೆಯ ಲೆಕ್ಕವನ್ನೇ ತಿರುಗಿಸುವುದರಲ್ಲಿ. ಮನುಷ್ಯ ಹತ್ತಿರ ಬಂದರೆ ಊಟ ಹೋಗುವುದಿಲ್ಲ, ಬಟ್ಟಲಿನಲ್ಲಿರುವುದಕ್ಕಿಂತ ರುಚಿಯಾದದ್ದು ಬರುತ್ತದೆ ಎಂದು ಅದಕ್ಕೆ ತಿಳಿಯಬೇಕು. ಒಂದು ಘಟನೆ ಇನ್ನೊಂದರ ಮುನ್ಸೂಚನೆಯಾದಾಗ ದೇಹದ ಪ್ರತಿಕ್ರಿಯೆಯೇ ಬದಲಾಗುತ್ತದೆ ಎಂಬುದು ರಷ್ಯಾದ ಇವಾನ್ ಪಾವ್ಲೋವ್ ಕಾಲದಿಂದ ಗೊತ್ತಿರುವ ವಿಷಯ. ಕ್ರಮ ಹೀಗಿರಲಿ:

1. ಮೊದಲು ಸುರಕ್ಷತೆ. ಊಟವನ್ನು ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿ ಕೊಡಿ. ತಿಂದು ಮುಗಿಸಿ ಬಟ್ಟಲಿನಿಂದ ದೂರ ಬಂದಮೇಲೆ ಬಟ್ಟಲು ತೆಗೆಯಿರಿ. ಎಷ್ಟೋ ಮನೆಗಳಿಗೆ ಇಷ್ಟೇ ಸಾಕು. ಊಟ ಮಾಡುವಾಗ ತೊಂದರೆ ಕೊಡಬೇಡಿ ಎಂದು ಕೇಳುವ ಹಕ್ಕು ನಾಯಿಗೂ ಇದೆ.

2. ಮುಂದುವರಿಯುವುದಾದರೆ, ನೀವು ನಿಂತರೂ ಅದರ ಬಾಯಿ, ಬಾಲ ಎರಡೂ ಸಡಿಲವಾಗಿರುವ ದೂರ ಎಷ್ಟೆಂದು ಕಂಡುಕೊಳ್ಳಿ. ಎಂಟಡಿ ಇರಬಹುದು, ಹದಿನೈದಡಿಯೂ ಇರಬಹುದು.

3. ಆ ದೂರದಲ್ಲಿ ಹಾದುಹೋಗುತ್ತ ಬೇಯಿಸಿದ ಚಿಕನ್, ಪನೀರ್ ಅಥವಾ ಮೊಟ್ಟೆಯ ಒಂದು ತುಣುಕನ್ನು ಬಟ್ಟಲಿನ ಬಳಿಗೆ ಎಸೆದು, ನಿಲ್ಲದೆ ಹೊರಟುಹೋಗಿ. ಮೊದಲು ನೀವು ಕಾಣಬೇಕು, ಆಮೇಲೆ ತುಣುಕು ಬರಬೇಕು. ಇದು ಹಿಂದುಮುಂದಾದರೆ ಪಾಠವೂ ಹಿಂದುಮುಂದಾಗುತ್ತದೆ.

4. ಒಂದು ಊಟಕ್ಕೆ ಮೂರು ನಾಲ್ಕು ಸಲ ಸಾಕು. ನಿಮ್ಮನ್ನು ಕಂಡೊಡನೆ ಬಟ್ಟಲು ಬಿಟ್ಟು ತಲೆಯೆತ್ತಿ, ‘ಎಲ್ಲಿ?’ ಎಂಬಂತೆ ಮೈ ಸಡಿಲಿಸಿ ನೋಡಲು ಶುರುಮಾಡಿತೆಂದರೆ ಅರ್ಧ ಅಡಿ ಹತ್ತಿರ ಬನ್ನಿ. ಒಂದೇ ದಿನದಲ್ಲಿ ನಾಲ್ಕಡಿ ಬೇಡ.

5. ಮೈ ಬಿಗಿಯಾದರೆ ಹಿಂದಿನ ದೂರಕ್ಕೆ ಮರಳಿ.

6. ಚಪ್ಪಲಿ, ರಿಮೋಟು, ಎಲ್ಲಿಂದಲೋ ತಂದ ಮೂಳೆ ಹಿಡಿದು ಕೂತಿದ್ದರೆ ಅಟ್ಟಿಸಿಕೊಂಡು ಹೋಗಬೇಡಿ. ಅದರಿಂದ ದೂರಕ್ಕೆ, ಒಂದರ ಪಕ್ಕ ಒಂದರಂತೆ ಐದಾರು ತುಣುಕು ಎಸೆಯಿರಿ. ಅದು ತಿನ್ನಲು ಹೋದಾಗ ವಸ್ತು ಎತ್ತಿಕೊಳ್ಳಿ. ಅಪಾಯವಿಲ್ಲದ ವಸ್ತುವಾದರೆ ಮರಳಿ ಕೊಟ್ಟುಬಿಡಿ. ಬಿಟ್ಟುಕೊಟ್ಟರೆ ನಷ್ಟವಿಲ್ಲ ಎಂಬುದು ಅದಕ್ಕೆ ಹಾಗೆಯೇ ಗೊತ್ತಾಗುವುದು.

ಎಚ್ಚರ: ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲನೆಯ ಅಂಶಕ್ಕೇ ನಿಲ್ಲಿಸಿ, ಉಳಿದದ್ದನ್ನು ತಜ್ಞರ ಸಹಾಯವಿಲ್ಲದೆ ಮಾಡಬೇಡಿ. ನಾಯಿ ಒಮ್ಮೆ ಕಚ್ಚಿದ್ದರೂ ಹಾಗೆಯೇ. ಇಷ್ಟು ದಿನ ಸರಿಯಿದ್ದ ನಾಯಿ ಒಮ್ಮೆಲೇ ಗುರ್ರೆನ್ನತೊಡಗಿದರೆ ಅದನ್ನು ನಡವಳಿಕೆಯ ದೋಷ ಅನ್ನಬೇಡಿ. ಕಿವಿ, ಹಲ್ಲು, ಕೀಲು, ಎಲ್ಲೋ ನೋವಿರಬಹುದು.

ಬೆಲ್ಟು ಕಂಡರೆ ಕೂತುಬಿಡುವ ನಾಯಿ

ಬೀದಿನಾಯಿಗೆ ಕುತ್ತಿಗೆಯ ಸುತ್ತ ಬಿಗಿಯುವ ಹಗ್ಗದ ನೆನಪು ಒಳ್ಳೆಯದಾಗಿರುವುದು ಕಡಿಮೆ. ಶಸ್ತ್ರಚಿಕಿತ್ಸೆಗೆಂದು ಬಲೆ ಹಾಕಿ ಹಿಡಿದು ವ್ಯಾನಿಗೆ ಏರಿಸಿದ್ದು, ಯಾರೋ ಕಟ್ಟಿಹಾಕಿ ಬಿಟ್ಟುಹೋದದ್ದು ಅದಕ್ಕೆ ಮರೆತಿರುವುದಿಲ್ಲ. ನೀವು ಎಳೆದಷ್ಟೂ ಅದು ಹಿಂದಕ್ಕೆ ಒತ್ತುತ್ತದೆ, ಮತ್ತು ಹಿಂದಕ್ಕೆ ಒತ್ತುವಾಗಲೇ ತಲೆ ಕೊರಳಪಟ್ಟಿಯಿಂದ ಜಾರುತ್ತದೆ. ನಾಡುನಾಯಿಗಳ ತಲೆ ಸಣ್ಣದು, ಕತ್ತು ಗಟ್ಟಿ. ಆದ್ದರಿಂದ ಎದೆಗೂ ಹೆಗಲಿಗೂ ಸೇರುವ ಹಾರ್ನೆಸ್ ತೆಗೆದುಕೊಳ್ಳಿ. ಮೊದಲ ತಿಂಗಳುಗಳಲ್ಲಿ ಹಾರ್ನೆಸ್‌ಗೊಂದು, ಕೊರಳಪಟ್ಟಿಗೊಂದು ಕೊಂಡಿ ಇದ್ದರೆ ಇನ್ನೂ ಕ್ಷೇಮ.

1. ಹಾರ್ನೆಸ್ಸನ್ನು ಎರಡು ದಿನ ಅದರ ಹಾಸಿಗೆಯ ಪಕ್ಕ ಸುಮ್ಮನೆ ಇಡಿ. ಮೂಸಲಿ.

2. ದೂರದಲ್ಲಿ ಕೊಂಡಿಯನ್ನು ‘ಟಕ್’ ಅನಿಸಿ, ಒಂದು ತುಣುಕು ಕೊಡಿ. ಆ ಸದ್ದಿಗೆ ಕಿವಿ ಹಿಂದಕ್ಕೆ ಮಡಚುತ್ತಿದ್ದ ನಾಯಿ ಕಿವಿ ನಿಮಿರಿಸಿ ನಿಮ್ಮ ಕೈ ನೋಡುವವರೆಗೂ ಇದೇ ಆಟ.

3. ಆಮೇಲೆ ಮನೆಯೊಳಗೇ ಹಾಕಿ, ಹಗುರವಾದ ಹಗ್ಗವನ್ನು ನಿಮ್ಮ ಕಣ್ಣೆದುರಿನಲ್ಲಿ ಎಳೆದುಕೊಂಡು ಓಡಾಡಲು ಬಿಡಿ.

4. ಮೊದಲ ಹೊರಸುತ್ತು ರಸ್ತೆ ಖಾಲಿ ಇರುವ ಬೆಳಗಿನ ಐದೂವರೆ, ಆರು ಗಂಟೆಗೆ. ಗೇಟಿನವರೆಗೆ ಹೋಗಿ ಬಂದರೂ ಅದು ವಾಕಿಂಗೇ. ಮೂಸುತ್ತ ನಿಂತರೆ ನೀವೂ ನಿಲ್ಲಿ. ಮೂಸುವುದರಿಂದ ಅದರ ಮನಸ್ಸು ಹಗುರಾಗುತ್ತದೆ.

5. ಕೂತುಬಿಟ್ಟರೆ ಎಳೆಯಬೇಡಿ. ಹಗ್ಗ ಸಡಿಲ ಬಿಟ್ಟು ಪಕ್ಕಕ್ಕೆ ತಿರುಗಿ ಕಾಯಿರಿ. ಮನೆಯ ಕಡೆ ಹೊರಟರೆ ಜೊತೆಗೆ ಹೋಗಿ.

ಪಕ್ಕದ ಬೀದಿಯ ನಾಯಿಗಳ ಗುಂಪು ಎದುರಾಗುತ್ತದೆ. ಅದು ಅವುಗಳ ಸರಹದ್ದು, ನಿಮ್ಮದು ಹೊಸಬ. ದೂರದಲ್ಲೇ ತಿರುಗಿ ಬೇರೆ ದಾರಿ ಹಿಡಿಯಿರಿ. ಓಡಬೇಡಿ, ಕಲ್ಲೆತ್ತಬೇಡಿ. ಉದ್ದಕ್ಕೆ ಬಿಚ್ಚಿಕೊಳ್ಳುವ ಸುರುಳಿ ಬೆಲ್ಟು ನಮ್ಮ ರಸ್ತೆಗಳಿಗಲ್ಲ. ಮುಧೋಳ ನಾಯಿ ಇರುವವರಿಗೆ ಇನ್ನೊಂದು ಮಾತು. ಅದು ಕಣ್ಣಿನಿಂದ ಬೇಟೆಯಾಡುವ ತಳಿ. ಓಡುವ ಬೆಕ್ಕು ಕಂಡಾಗ ನಿಮ್ಮ ಕೂಗು ಅದಕ್ಕೆ ಕೇಳುವುದಿಲ್ಲ. ಬೇಲಿಯಿಲ್ಲದ ಬಯಲಿನಲ್ಲಿ ಎಷ್ಟೇ ನಂಬಿಕೆಯಿದ್ದರೂ ಬಿಚ್ಚಬೇಡಿ.

ಉಳಿದ ತೊಡಕುಗಳು

ಮಲಮೂತ್ರ: ಮಣ್ಣು, ಹುಲ್ಲಿನ ಮೇಲೆ ಅಭ್ಯಾಸವಾದ ನಾಯಿ ಸಿಮೆಂಟು ಕಂಡರೆ ಗಂಟೆಗಟ್ಟಲೆ ತಡೆದುಕೊಳ್ಳುತ್ತದೆ. ಕಾಲಡಿಯ ಸ್ಪರ್ಶವೇ ಅದಕ್ಕೆ ಸಂಕೇತ. ಮಣ್ಣಿರುವ ಜಾಗಕ್ಕೇ ಕರೆದೊಯ್ಯಿರಿ, ಅಪಾರ್ಟ್‌ಮೆಂಟಿನಲ್ಲಿದ್ದರೆ ಬಾಲ್ಕನಿಯಲ್ಲಿ ಮಣ್ಣು ತುಂಬಿದ ಅಗಲ ಟ್ರೇ ಇಡಿ. ನಿದ್ದೆಯಿಂದ ಎದ್ದಾಗ ಮತ್ತು ಊಟವಾದ ಮೇಲೆ ತಪ್ಪದೆ ಹೋಗಿ. ಒಳಗೆ ಮಾಡಿದ ಜಾಗವನ್ನು ಎನ್‌ಜೈಮ್ ಇರುವ ದ್ರಾವಣದಿಂದ ಒರೆಸಿ. ವಾಸನೆ ಉಳಿದರೆ ಅದೇ ಜಾಗಕ್ಕೆ ಮತ್ತೆ ಬರುತ್ತದೆ.

ರಾತ್ರಿ ಬೊಗಳುವುದು: ಬೀದಿಯಲ್ಲಿ ಹಗಲು ಮಲಗಿ ಇರುಳು ಎಚ್ಚರವಿದ್ದ ನಾಯಿಗೆ ಹೊರಗಿನ ಪ್ರತಿ ಸದ್ದೂ ಸುದ್ದಿ. ರಸ್ತೆ ಕಡೆಯ ಕಿಟಕಿಯಿಂದ ಹಾಸಿಗೆ ದೂರ ಹಾಕಿ, ಮೊದಲ ವಾರಗಳಲ್ಲಿ ನಿಮ್ಮ ಕೋಣೆಯಲ್ಲೇ ಮಲಗಿಸಿ. ತಾನಾಗಿ ಹೊಂದಿಕೊಳ್ಳುತ್ತದೆ.

ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುವುದು: ಒಮ್ಮೆಲೇ ಎಂಟು ಗಂಟೆ ಆಫೀಸಿಗೆ ಹೋಗಬೇಡಿ. ಅರ್ಧ ನಿಮಿಷ ಹೊರಹೋಗಿ ಬನ್ನಿ, ಆಮೇಲೆ ಎರಡು ನಿಮಿಷ, ಹೀಗೆ. ಅದು ಅಳತೊಡಗುವ ಮೊದಲೇ ಮರಳುವುದರಲ್ಲಿ ಗುಟ್ಟಿದೆ. ಜೊಲ್ಲು ಸುರಿಸಿ, ಉಗುರು ಕಿತ್ತುಕೊಳ್ಳುವಷ್ಟು ಒದ್ದಾಡಿದರೆ ಔಷಧಿ ಬೇಕಾಗಬಹುದು, ಅದರಲ್ಲಿ ಸಂಕೋಚ ಬೇಡ.

ದೀಪಾವಳಿ: ಹಬ್ಬಕ್ಕೆ ಕೆಲವು ವಾರ ಮೊದಲೇ ಪಶುವೈದ್ಯರನ್ನು ಕಾಣಿ. ಭಯವನ್ನೇ ತಗ್ಗಿಸುವ ಔಷಧಿ ಕೇಳಿ. ಮೈಯನ್ನು ಮಾತ್ರ ಮಂಕು ಮಾಡಿ ಭಯವನ್ನು ಹಾಗೇ ಉಳಿಸುವ ಮಾತ್ರೆ ಬೇಡ. ಸಂಜೆಗೆ ಮುಂಚೆ ವಾಕಿಂಗ್ ಮುಗಿಸಿ, ಒಳಕೋಣೆಯಲ್ಲಿ ಫ್ಯಾನು, ಟಿವಿ ಹಾಕಿ ಜೊತೆಗೆ ಕೂರಿ. ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬ ಮಾತು ಸುಳ್ಳು. ಹತ್ತಿರ ಬಂದರೆ ಅಪ್ಪಿಕೊಳ್ಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಯಜಮಾನ ಯಾರು ಅಂತ ತೋರಿಸಬೇಕು’ ಎನ್ನುವುದು ಮೊದಲನೆಯದು. ಬೆನ್ನ ಮೇಲೆ ಕೆಡವಿ ಒತ್ತಿಹಿಡಿಯುವ ಸಲಹೆ ಕೊಡುವವರು ಈಗಲೂ ಇದ್ದಾರೆ. ತೋಳದ ಗುಂಪಿನ ‘ನಾಯಕ’ನ ಕಲ್ಪನೆಯನ್ನು 1970ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದ ಅಮೆರಿಕದ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿದರು: ಕಾಡಿನ ತೋಳಗಳ ಗುಂಪೆಂದರೆ ತಂದೆ, ತಾಯಿ, ಮಕ್ಕಳ ಕುಟುಂಬ, ಅಧಿಕಾರದ ಕಾದಾಟವಲ್ಲ. ತೋಳಕ್ಕೇ ಹೊಂದದ ಮಾತನ್ನು ನಿಮ್ಮ ನಾಯಿಯ ಮೇಲೆ ಹೇರಬೇಡಿ.

ಮೂತ್ರ ಮಾಡಿದ ಜಾಗಕ್ಕೆ ಮೂತಿ ಉಜ್ಜುವುದು ಎರಡನೆಯದು. ಅದರಿಂದ ನಾಯಿ ಕಲಿಯುವುದು ನಿಮ್ಮೆದುರು ಮೂತ್ರ ಮಾಡಬಾರದು ಎಂಬುದನ್ನು ಮಾತ್ರ. ಆಮೇಲೆ ಹೊರಗೆ ಕರೆದೊಯ್ದಾಗಲೂ ಮಾಡುವುದಿಲ್ಲ.

ಊಟದ ಮಧ್ಯೆ ಬಟ್ಟಲು ಕಿತ್ತುಕೊಂಡು ‘ಅಭ್ಯಾಸ’ ಮಾಡಿಸುವುದು, ಹಿಂದೆ ಸಾಕಿದ್ದ ನಾಯಿಗೆ ಹೋಲಿಸುವುದು, ಮಕ್ಕಳು ಅದನ್ನು ತಬ್ಬಿಕೊಂಡ ಫೋಟೊ ತೆಗೆಯುವುದು ಇವೂ ಬೇಡ. ಸಾರು ಕಲಸಿದ ಅನ್ನ ಹಾಕುವ ಮನೆಗಳು ಒಂದು ವಿಷಯ ತಿಳಿದಿರಬೇಕು. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತದೆ. ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಚಾಕೊಲೇಟ್ ಮತ್ತು ಬೇಯಿಸಿದ ಕೋಳಿ ಮೂಳೆಯೂ ನಿಷಿದ್ಧ. ಮೊಸರನ್ನ, ರಾಗಿ ಅಂಬಲಿ, ಮೊಟ್ಟೆ, ಉಪ್ಪು ಮಸಾಲೆ ಇಲ್ಲದ ಚಿಕನ್ ಸರಿ.

ಕಚ್ಚಿದರೆ

ಸಾಕುನಾಯಿಯೇ ಆಗಿರಲಿ, ಲಸಿಕೆ ಆಗಿರಲಿ, ಗಾಯವನ್ನು ಹರಿಯುವ ನೀರಿನಡಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ದಿನಾಂಕಗಳಲ್ಲಿ ಎಲ್ಲ ಡೋಸು ಮುಗಿಸಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ತರಬೇತುದಾರರನ್ನು ಕರೆಯುವ ಮುನ್ನ

ಈ ಕೆಲಸ ಮಾಡಲು ನಮ್ಮಲ್ಲಿ ಪರವಾನಗಿ ಬೇಕಿಲ್ಲ, ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಹಾಗಾಗಿ ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: ‘ನಾಯಿ ಹೇಳಿದಂತೆ ಕೇಳದಿದ್ದರೆ ನೀವೇನು ಮಾಡುತ್ತೀರಿ?’ ಮುಳ್ಳಿನ ಪಟ್ಟಿ, ಶಾಕ್ ಕೊಡುವ ಪಟ್ಟಿ, ಊಟ ನಿಲ್ಲಿಸುವುದು ಇಂಥ ಉತ್ತರ ಬಂದರೆ ಅಲ್ಲಿಗೇ ಬಿಡಿ. ನಿಮ್ಮನ್ನು ಹೊರಗಿಟ್ಟು ನಾಯಿಯನ್ನು ತಾವೊಬ್ಬರೇ ಕರೆದೊಯ್ದು ‘ಸರಿಮಾಡಿ’ ತರುತ್ತೇವೆ ಎನ್ನುವವರಿಗೂ ಒಪ್ಪಿಸಬೇಡಿ.

ಮೂರು ತಿಂಗಳಾದರೂ ನಾಯಿ ಮೂಲೆಯಿಂದ ಹೊರಬರುತ್ತಿಲ್ಲ, ಅಥವಾ ಗುರ್ರೆನ್ನುವುದು ಹೆಚ್ಚುತ್ತಲೇ ಇದೆ ಅನಿಸಿದರೆ, ಆ ಹೊತ್ತಿನಲ್ಲಿ ದೂರದಿಂದ ಫೋನಿನಲ್ಲಿ ಒಂದೆರಡು ನಿಮಿಷದ ವಿಡಿಯೊ ತೆಗೆದುಕೊಳ್ಳಿ. ಕ್ಲಿನಿಕ್ಕಿನ ಮೇಜಿನ ಮೇಲೆ ಎಷ್ಟೋ ನಾಯಿಗಳು ಹೆದರಿ ಸುಮ್ಮನಿರುತ್ತವೆ. ಮನೆಯಲ್ಲಿ ಅದು ಹೇಗಿರುತ್ತದೆ ಎಂಬುದನ್ನು ಪಶುವೈದ್ಯರಿಗೆ ತೋರಿಸಲು ಆ ವಿಡಿಯೊ ಬೇಕಾಗುತ್ತದೆ.